ಗ್ಲ್ಯಾಡ್‌ಸನ್ ತಿದ್ದುಪಡಿ

ಗ್ಲ್ಯಾಡ್‌ಸನ್ ಎಂದರೆ ಎಲ್ಲರಿಗೂ ಪ್ರಾಣ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಟೀನಿನಲ್ಲಿ ನನಗೆ ತಣ್ಣಗಾದ ಗೋಳಿಬಜೆ ಕೊಡುವ ಪಂಕಜಾಕ್ಷಿಯಕ್ಕ, ಅವನು ಬಂದರೆ ಬಾಣಲೆಯಿಂದಲೇ ಎತ್ತಿ ಹಾಕುತ್ತಾರೆ. ಬಸ್ಸಿನ ಕಂಡಕ್ಟರ್ ಅವನು ರಸ್ತೆಯ ತಿರುವಿನಲ್ಲಿ ಕಾಣಿಸಿದರೆ ಸಾಕು, ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾನೆ. ನಾನು ಬ್ಯಾಗು ಎದೆಗವಚಿಕೊಂಡು ಓಡಿ ಬಂದರೂ ಬೆಲ್ ಹೊಡೆಯುತ್ತಾನೆ. ಇದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ಕಲ್ಲಿನ ವಿಷಯ.

ಅಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ.ಗೆಂದು ನಾನು ಆರಿಸಿಕೊಂಡದ್ದು ನಮ್ಮ ಊರಿನ ಮುರಕಲ್ಲು. ಮನೆ, ಶಾಲೆ, ಬಾವಿಯ ಕಟ್ಟೆ, ಕಂಪೌಂಡು, ನಮ್ಮ ಕಡೆ ಎಲ್ಲವನ್ನೂ ಕಟ್ಟುವುದು ಈ ಕೆಂಪು ಕಲ್ಲಿನಿಂದಲೇ. ಒಂದು ಕಲ್ಲನ್ನು ಒಡೆದು ಒಳಗೆ ನೋಡಿದರೆ ಅದೊಂದು ಬೆರಕೆ ವಸ್ತು. ಕಬ್ಬಿಣದ ಅಂಶವಿರುವ ಗಟ್ಟಿ ಬಲೆ, ಆ ಬಲೆಯ ಕಣ್ಣುಗಳಲ್ಲಿ ಮೆತ್ತಗಿನ ಜೇಡಿ, ಉಳಿದಂತೆ ಲೆಕ್ಕವಿಲ್ಲದಷ್ಟು ತೂತು. ಇಂಥದ್ದರ ಮೇಲೆ ಹಂಚಿನ ಮಾಡಿನ ಭಾರ ಬಿದ್ದಾಗ ಅದು ಎಷ್ಟು ಕುಗ್ಗುತ್ತದೆ, ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂದು ಹೇಳುವುದು ಸುಲಭವಲ್ಲ. ಇಡೀ ಗೋಡೆಯನ್ನು ಒತ್ತಿ ನೋಡುವ ಯಂತ್ರ ಯಾರ ಬಳಿಯೂ ಇಲ್ಲ. ಹಾಗಾಗಿ ಕಲ್ಲಿನೊಳಗಿನ ಒಂದೇ ಒಂದು ತೂತನ್ನು ಹಿಡಿದು, ಅದೊಂದರಿಂದ ಸುತ್ತಲಿನ ಬಿಗಿತ ಎಷ್ಟು ಕಡಿಮೆಯಾಗುತ್ತದೆ ಎಂದು ಗಣಿತದಿಂದ ತೆಗೆದು, ಅದನ್ನು ಎಲ್ಲ ತೂತುಗಳಿಗೂ ಹಬ್ಬಿಸಿ, ಕೊನೆಗೆ ಗೋಡೆಯ ಬಿಗಿತ ಇಷ್ಟು ಎಂದು ಹೇಳಬೇಕು. ನಾಲ್ಕು ವರ್ಷ ನಾನು ಇದನ್ನೇ ಮಾಡಿದೆ. ನನ್ನ ಲೆಕ್ಕದ ಉತ್ತರ ಮಾತ್ರ ಯಾವಾಗಲೂ ಪ್ರಯೋಗಾಲಯದ ಉತ್ತರಕ್ಕಿಂತ ಜಾಸ್ತಿಯೇ ಬರುತ್ತಿತ್ತು. ನಿಜವಾದ ಕಲ್ಲು ನನ್ನ ಕಾಗದದ ಕಲ್ಲಿಗಿಂತ ಮೆತ್ತಗೆ.

ಆಗ ಮೀಂಜದ ಕಡೆಯಿಂದ ಗ್ಲ್ಯಾಡ್‌ಸನ್ ಬಂದು ನಮ್ಮ ವಿಭಾಗಕ್ಕೆ ಲೆಕ್ಚರರ್ ಆಗಿ ಸೇರಿದ. ನನಗಿಂತ ಚಿಕ್ಕವನು. ಅವನಿಗೆ ನಾನು ಕಾಲೇಜಿನೊಳಗೆ ಮೇಡಂ, ಗೇಟು ದಾಟಿದರೆ ನಮಿತಕ್ಕ. ತೂತಿನ ಗಣಿತವನ್ನು ಅವನಿಗೆ ಅ ಆ ಇ ಈಯಿಂದ ಕಲಿಸಿದವಳು ನಾನು. ಒಂದು ದಿನ ಚಹಾ ಕುಡಿಯುತ್ತಾ ಕುಳಿತಿದ್ದಾಗ, ಹವಾಮಾನದ ಬಗ್ಗೆ ಕೇಳಿದಷ್ಟು ಸಲೀಸಾಗಿ ಅವನು ಕೇಳಿದ.

"ನಮಿತಕ್ಕ, ನೀವು ಎಲ್ಲ ತೂತನ್ನೂ ಉರುಟು ಅಂತ ಹಿಡಿದದ್ದಲ್ಲವಾ? ಚಪ್ಪಟೆ ಇದ್ದರೆ ಎಂತಾಗ್ತದೆ?"

ಉರುಟು ಎಂದರೆ ದುಂಡಗಿನ ತೂತು, ಚಪ್ಪಟೆ ಎಂದರೆ ಬಿರುಕು. ಕಾಗದಕ್ಕಿಂತ ತೆಳ್ಳಗಿನ, ಕಣ್ಣಿಗೆ ಬೀಳದ ಬಿರುಕು. ಅದು ಕಲ್ಲಿನೊಳಗೆ ಜಾಗ ತಿನ್ನುವುದಿಲ್ಲ, ಬಿಗಿತವನ್ನು ಮಾತ್ರ ಬೇಕಾದಷ್ಟು ತಿನ್ನುತ್ತದೆ. ಪುಸ್ತಕದಲ್ಲಿ ನಾನು ಇದನ್ನು ಓದದವಳಲ್ಲ. ಬೆರಳು ಹೋಗುವಷ್ಟು ದೊಡ್ಡ ತೂತುಗಳೇ ಕಣ್ಣೆದುರು ಇರುವ ಕಲ್ಲಿನಲ್ಲಿ ಕಾಣದ ಬಿರುಕನ್ನು ಹುಡುಕಬೇಕೆಂದು ನನಗೆ ಹೊಳೆಯಲಿಲ್ಲ, ಅಷ್ಟೇ. ಅವನು ಒಂದು ವಾರದೊಳಗೆ ನನ್ನ ಸಮೀಕರಣಕ್ಕೆ ಒಂದು ಪದ ಸೇರಿಸಿಕೊಂಡು ಬಂದ. ಗ್ರಾಫಿನಲ್ಲಿ ಲೆಕ್ಕದ ಗೆರೆ ಪ್ರಯೋಗದ ಚುಕ್ಕಿಗಳ ಮೇಲೆ ಹೋಗಿ ಕುಳಿತುಕೊಂಡಿತು. ನಮ್ಮ ಗೈಡ್ ಕೃಷ್ಣಕುಮಾರ ಸರ್ ಅದನ್ನು ನೋಡಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸೆಮಿನಾರಿನಲ್ಲಿ ಅದಕ್ಕೆ ಗ್ಲ್ಯಾಡ್‌ಸನ್ ತಿದ್ದುಪಡಿ ಎಂದು ಹೆಸರಿಟ್ಟರು. ಆಮೇಲೆ ವಿದ್ಯಾರ್ಥಿಗಳೂ ಹಾಗೆಯೇ ಹೇಳತೊಡಗಿದರು. ನಾಲ್ಕು ವರ್ಷ ಮನೆ ಕಟ್ಟಿದವಳು ನಾನು, ಒಂದು ಕಿಟಕಿ ಇಟ್ಟವನ ಹೆಸರು ಬಾಗಿಲ ಮೇಲೆ. ಹೊಟ್ಟೆಕಿಚ್ಚು ಎಂದರೆ ಬರೀ ಮಾತಿಗೆ ಹೇಳುವುದಲ್ಲ, ಹೊಟ್ಟೆಯಲ್ಲಿ ನಿಜವಾಗಿಯೂ ಏನೋ ಬಿಸಿಯಾಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಪರಮೇಶ್ವರಿ ಟೀಚರ್ ಕಾಲೇಜಿಗೆ ಬಂದರು. ಪೈವಳಿಕೆಯಿಂದ ಒಳಗೆ ನಮ್ಮ ಊರಿನ ಕನ್ನಡ ಶಾಲೆಗೆ ಅವರು ಹೆಡ್‌ಮಿಸ್ಟ್ರೆಸ್. ನನಗೆ ಮಗ್ಗಿ ಕಲಿಸಿದ್ದು ಅವರೇ. ಶಾಲೆಯ ಹತ್ತಿರ ಕರಿಕಲ್ಲು ಒಡೆಯುವ ಕೋರೆಯೊಂದು ಶುರುವಾಗಿ, ಸಿಡಿಮದ್ದಿನ ಪೆಟ್ಟಿಗೆ ಹಳೆಯ ಮುರಕಲ್ಲಿನ ಗೋಡೆ ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ಜೂನಿನಲ್ಲಿ ಶಾಲೆ ತೆರೆಯಬೇಕಾದರೆ ಪಂಚಾಯತಿನ ಇಂಜಿನಿಯರ್ ಫಿಟ್ನೆಸ್ ಸರ್ಟಿಫಿಕೇಟ್ ಕೊಡಬೇಕು. ಆ ಇಂಜಿನಿಯರ್, ಗೋಡೆ ನಿಲ್ಲುತ್ತದೆಂದು ವಿಷಯ ತಿಳಿದವರು ಯಾರಾದರೂ ಲೆಕ್ಕ ಹಾಕಿ ಹೇಳಿದರೆ ಮಾತ್ರ ಸಹಿ ಎಂದಿದ್ದರಂತೆ. ಸಹಿ ಸಿಗದಿದ್ದರೆ ಮಕ್ಕಳನ್ನು ಹತ್ತಿರದ ಇನ್ನೊಂದು ಶಾಲೆಗೆ ಹಂಚುತ್ತಾರೆ. ಅಲ್ಲಿ ಕನ್ನಡ ಡಿವಿಷನ್ ಇಲ್ಲ, ಎಲ್ಲವೂ ಮಲಯಾಳದಲ್ಲೇ. ನಮ್ಮ ಜಿಲ್ಲೆಯಲ್ಲಿ ಇದರ ಅರ್ಥವೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಮಾತ್ರ ಒಳಗೊಳಗೆ ಕುಣಿಯುವಷ್ಟು ಖುಷಿಯಾಯಿತು. ನನ್ನ ಶಾಲೆ, ನನ್ನ ಕಲ್ಲು, ನನ್ನ ಲೆಕ್ಕ. ನನ್ನ ಊರಿನವರೆಲ್ಲ ಕೂತಿರುವಾಗ ನಾನು ಒಂದು ಉತ್ತರ ಹೇಳಬೇಕು, ಅವರು ಅದನ್ನು ನಂಬಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಆದರೆ ಕೃಷ್ಣಕುಮಾರ ಸರ್, ಮಕ್ಕಳ ವಿಷಯವಾದ್ದರಿಂದ ಇಬ್ಬರೂ ಬೇರೆ ಬೇರೆ ಹೋಗಿ ಅಳೆದು ಬನ್ನಿ, ಲೆಕ್ಕ ತಾಳೆಯಾಗಲಿ ಎಂದುಬಿಟ್ಟರು. ಇಬ್ಬರು ಎಂದರೆ ನಾನು ಮತ್ತು ಅವನು. ಬೇರೆ ಯಾರು?

ಮೊದಲು ಹೋದದ್ದು ನಾನು. ಗೋಡೆಯ ಆಚೆಗೊಂದು ಈಚೆಗೊಂದು ಸಣ್ಣ ಡಬ್ಬಿಯಂಥದ್ದನ್ನು ಗ್ರೀಸು ಹಚ್ಚಿ ಒತ್ತಿ ಹಿಡಿದರೆ, ಕಿವಿಗೆ ಕೇಳಿಸದ ಶಬ್ದವೊಂದು ಒಂದರಿಂದ ಇನ್ನೊಂದಕ್ಕೆ ಕಲ್ಲಿನ ಮೂಲಕ ಹೋಗುತ್ತದೆ. ಒಳಗೆ ಬಿರುಕುಗಳಿದ್ದರೆ ಶಬ್ದ ನಿಧಾನ. ಎಷ್ಟು ನಿಧಾನ ಎಂಬುದರಿಂದ ಬಿರುಕು ಎಷ್ಟಿದೆ, ಬಿಗಿತ ಎಷ್ಟು ಉಳಿದಿದೆ ಎಂದು ಲೆಕ್ಕ ತೆಗೆಯಬಹುದು. ಆದರೆ ಗೋಡೆಯ ತುಂಬ ಕಪ್ಪು ಪಾಚಿ ಒಣಗಿ ಪುಡಿಪುಡಿಯಾಗಿತ್ತು. ಗ್ರೀಸು ಅಂಟಲೇ ಇಲ್ಲ. ಬಿಸಿಲು ಬೇರೆ. ಪಿ.ಟಿ.ಎ. ಅಧ್ಯಕ್ಷ ಮುದ್ದಣ್ಣನವರು ಪಾಪ, ಎಳನೀರಿನ ಬೊಂಡ ಕೆತ್ತಿಸಿಕೊಂಡು ಬಂದರೆ, ಅವರ ಮೇಲೆಯೇ ಹರಿಹಾಯ್ದೆ. ಇಷ್ಟು ಗಲೀಜು ಗೋಡೆಯಲ್ಲಿ ಎಂತ ಅಳೆಯುವುದು, ಶಾಲೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಅವರು ತಂತಿಬ್ರಶ್ ಹುಡುಕಿ ತಂದುಕೊಟ್ಟರು. ನಾನೇ ಉಜ್ಜಿ ಉಜ್ಜಿ ಅಳೆದು, ಬೊಂಡ ಅರ್ಧ ಕುಡಿದು ಬಂದೆ.

ಮುಂದಿನ ವಾರ ಗ್ಲ್ಯಾಡ್‌ಸನ್ ಹೋದ. ಅವನಿಗೆ ಕೋಳಿ ಸುಕ್ಕ, ನೀರುದೋಸೆ ಮಾಡಿ ಬಡಿಸಿದರಂತೆ. ನನಗೆ ಇದನ್ನು ಹೇಳಿದ್ದು ನನ್ನ ಅಮ್ಮ ಲೋಲಾಕ್ಷಿ. ಏಕೆಂದರೆ ದೋಸೆ ಹೊಯ್ದು ಕೊಟ್ಟದ್ದೇ ಅವರು.

ಲೆಕ್ಕಕ್ಕೆ ಕುಳಿತಾಗ ಇನ್ನೊಂದು ಅವಮಾನ. ಉರುಟು ತೂತುಗಳ ನನ್ನ ಸಮೀಕರಣ ಒಂದರಿಂದಲೇ ಆ ಗೋಡೆ ಹಿಡಿತಕ್ಕೆ ಸಿಗುವುದಿಲ್ಲ. ಸಿಡಿಮದ್ದಿನಿಂದ ಆದದ್ದು ಬಿರುಕು. ಹಾಗಾಗಿ ನನ್ನ ಕೈಯಾರೆ ಗ್ಲ್ಯಾಡ್‌ಸನ್ ತಿದ್ದುಪಡಿಯನ್ನು ಹಾಕಿ ಲೆಕ್ಕ ಮಾಡಬೇಕಾಯಿತು. ಬಂದ ಉತ್ತರ ನೋಡಿ ಹೆದರಿಕೆಯಾಯಿತು. ಒಳ್ಳೆಯ ಕಲ್ಲಿನ ಬಿಗಿತದ ಮೂರನೇ ಒಂದು ಪಾಲೂ ಆ ಗೋಡೆಯಲ್ಲಿ ಉಳಿದಿರಲಿಲ್ಲ. ಅವನು ತಂದ ಉತ್ತರದಲ್ಲಿ ಗೋಡೆ ಹೆಚ್ಚುಕಡಿಮೆ ಹೊಸದರಂತೆಯೇ ಇತ್ತು. ಅದೇ ಗೋಡೆ, ಅದೇ ಸಮೀಕರಣ, ಅದೇ ಯಂತ್ರ. ಇಬ್ಬರಲ್ಲಿ ಒಬ್ಬರು ಅಳೆಯುವುದರಲ್ಲಿ ಎಡವಿರಬೇಕು. ಯಾರು ಎಂಬ ಬಗ್ಗೆ ಸರ್‌ಗೆ ಅನುಮಾನವೇ ಇದ್ದಂತೆ ಕಾಣಲಿಲ್ಲ. ನಿಮಗೆ ಗ್ರೀಸು ಸರಿಯಾಗಿ ಅಂಟಿರಲಿಲ್ಲ ಅಲ್ಲವಾ ನಮಿತಾ ಎಂದು ತುಂಬ ಮೆತ್ತಗೆ ಕೇಳಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇನ್ನೊಮ್ಮೆ ಅಳೆಯೋಣವೆಂದರೆ ಯಂತ್ರ ಬೇರೆ ಕಾಲೇಜಿನದ್ದು, ಅವರು ತೆಗೆದುಕೊಂಡು ಹೋಗಿಯಾಗಿತ್ತು. ಶಾಲೆಯ ಸಭೆಯ ದಿನವೂ ಗೊತ್ತಾಗಿತ್ತು. ಎರಡೂ ಉತ್ತರಗಳನ್ನು ಅಲ್ಲಿಯೇ ಇಂಜಿನಿಯರರ ಮುಂದೆ ಇಡುವುದೆಂದಾಯಿತು.

ಸಭೆ ನಡೆದದ್ದು ಶಾಲೆಯ ಉದ್ದನೆಯ ಕೋಣೆಯಲ್ಲಿ, ಅದೇ ಗೋಡೆಯ ಪಕ್ಕದಲ್ಲಿ. ತಂದೆತಾಯಿಯರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕುಳಿತಿದ್ದರು. ಅಮ್ಮ ಕೊನೆಯ ಬೆಂಚಿನಲ್ಲಿದ್ದರು. ನಾನು ಎದ್ದು ನನ್ನ ಉತ್ತರ ಹೇಳಿದೆ. ಇಲ್ಲಿ ಮಕ್ಕಳನ್ನು ಕೂರಿಸಲು ಆಗುವುದಿಲ್ಲ, ಸರ್ಟಿಫಿಕೇಟ್ ಕೊಡಬಾರದು ಎಂದೆ. ಮಧ್ಯದ ಬೆಂಚಿನಿಂದ ಒಬ್ಬ ಹೆಂಗಸು, ನನ್ನ ಜೊತೆಯೇ ಇಲ್ಲಿ ಓದಿದವಳು, ಎದ್ದು ನಿಂತಳು.

"ನಿನಗೆ ಇಲ್ಲಿ ಅಕ್ಷರ ಕಲಿಸಿದ್ದು ಇದಕ್ಕಾ ನಮಿತಾ? ನಿನ್ನ ಕೈಯಿಂದಲೇ ಬಾಗಿಲು ಹಾಕಿಸ್ಲಿಕ್ಕಾ?"

ಅಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ನೋಡತೊಡಗಿದರು.

ಗ್ಲ್ಯಾಡ್‌ಸನ್ ಎದ್ದ. ಅವನು ಎದ್ದಾಗಲೇ ಅರ್ಧ ಜನರ ಮುಖ ಸಡಿಲವಾಯಿತು. ಗೋಡೆ ಗಟ್ಟಿ ಇದೆ, ನಮಿತಕ್ಕನ ಲೆಕ್ಕಕ್ಕೂ ನನ್ನದಕ್ಕೂ ಯಾಕೆ ವ್ಯತ್ಯಾಸ ಬಂತೆಂದು ಗೊತ್ತಾಗುತ್ತಿಲ್ಲ, ಆದರೆ ಎರಡು ಸಲ ನೋಡಿದ್ದೇನೆ ಎಂದ. ಜನ ಚಪ್ಪಾಳೆ ತಟ್ಟಿದರು. ಪರಮೇಶ್ವರಿ ಟೀಚರ್ ಕಣ್ಣು ಮುಚ್ಚಿ ಕೈಮುಗಿದರು. ಇಂಜಿನಿಯರ್ ಸರ್ ಜೇಬಿನಿಂದ ಪೆನ್ನು ತೆಗೆದರು. ಅವನಿಗೆ ಅನ್ನ ಹಾಕಿದ ಊರು, ನನ್ನನ್ನು ಹೆತ್ತ ಊರು, ಎರಡೂ ಒಂದೇ. ಆ ಊರು ಅವನ ಬೆನ್ನು ತಟ್ಟುವುದನ್ನು ನೋಡುತ್ತಾ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಗೋಡೆ ಈಗಲೇ ಬೀಳಬಾರದೇ ಎಂದು ಒಂದು ಕ್ಷಣ ಅನಿಸಿತು. ನನ್ನ ಅಮ್ಮನೂ ಅದರ ಪಕ್ಕದಲ್ಲೇ ಇದ್ದರು.

ಧನ್ಯವಾದ ಹೇಳಲು ಮುದ್ದಣ್ಣನವರು ಎದ್ದರು. ಸಂತೋಷದಿಂದ ಅವರ ಬಾಯಿ ನಿಲ್ಲಲಿಲ್ಲ.

"ಹೋದ ಸಲ ಗೋಡೆ ಗಲೀಜು ಅಂತ ಮೇಡಂ ಬೈದರು ನೋಡಿ, ನಮಗೆಲ್ಲ ನಾಚಿಕೆ ಆಯ್ತು. ಗ್ಲ್ಯಾಡ್‌ಸನ್ ಸರ್ ಬರುವ ಮೊದಲಿನ ದಿನ ನಾವೆಲ್ಲ ಸೇರಿ ಬಾವಿಯಿಂದ ಪಂಪು ಹಾಕಿ, ಬೆಳಗ್ಗಿನಿಂದ ಸಂಜೆವರೆಗೆ ಗೋಡೆ ತೊಳೆದಿದ್ದೇವೆ. ಒಳಗೂ ಹೊರಗೂ. ಮರುದಿನ ಬಿಸಿಲಿಗೆ ಹೇಗೆ ಲಕಲಕ ಆಗಿತ್ತು ಅಂತ ಸರ್ ಹತ್ರವೇ ಕೇಳಿ."

ಸಭೆಯಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸಿ ಸೆಗಣಿ ಸಾರಿಸುವ ಊರು ನಮ್ಮದು, ಗೋಡೆ ತೊಳೆದದ್ದರಲ್ಲಿ ಏನು ವಿಶೇಷ? ಆದರೆ ನನ್ನ ತಲೆಯೊಳಗೆ ದೀಪ ಹತ್ತಿತು. ಮುರಕಲ್ಲು ದಿನವಿಡೀ ನೀರು ಕುಡಿದರೆ ಮೇಲ್ಮೈ ಮರುದಿನವೇ ಒಣಗುತ್ತದೆ, ಒಳಗಿನ ತೆಳ್ಳಗಿನ ಬಿರುಕುಗಳಲ್ಲಿ ನೀರು ನಿಂತೇ ಇರುತ್ತದೆ. ಖಾಲಿ ಬಿರುಕಿಗೆ ಬಡಿದು ತಡವಾಗಬೇಕಾದ ಶಬ್ದ, ನೀರು ತುಂಬಿದ ಬಿರುಕನ್ನು ಸುಮ್ಮನೆ ದಾಟಿಕೊಂಡು ಹೋಗುತ್ತದೆ. ಯಂತ್ರಕ್ಕೆ ಬಿರುಕೇ ಇಲ್ಲದ ಗೋಡೆಯಂತೆ ಕಾಣುತ್ತದೆ. ಅವನು ಕಂಡುಹಿಡಿದ ಚಪ್ಪಟೆ ಬಿರುಕುಗಳೇ ಅವನಿಗೆ ಕೈಕೊಟ್ಟಿದ್ದವು.

ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿದೆ. ಕನ್ನಡ ಅರೆಬರೆ ಬರುವ ಇಂಜಿನಿಯರರಿಗೂ ಅರ್ಥವಾಗಲೆಂದು ಅದರ ಮಲಯಾಳವನ್ನೂ ಜೋಡಿಸಿದೆ. ಸೀರೆಯ ನೆರಿಗೆ ಸರಿಮಾಡಿಕೊಂಡು ಕುರ್ಚಿಯ ಕೈ ಹಿಡಿದು ಏಳಬೇಕು ಎನ್ನುವಷ್ಟರಲ್ಲಿ ಗ್ಲ್ಯಾಡ್‌ಸನ್‌ನ ಕಡೆ ಕಣ್ಣು ಹೋಯಿತು. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಅವನಿಗೂ ಹೊಳೆದಿತ್ತು. ಅವನು ನನ್ನನ್ನು ಒಮ್ಮೆ ನೋಡಿದ, ಮತ್ತೆ ಎದ್ದು ನಿಂತ.

"ಸಹಿ ಹಾಕಬೇಡಿ ಸರ್. ನಾನು ಅಳೆದದ್ದು ನೀರು ಕುಡಿದ ಗೋಡೆಯನ್ನು. ನನ್ನ ಲೆಕ್ಕ ಪೂರ್ತಿ ತಪ್ಪು. ನಮಿತಕ್ಕ ಹೇಳಿದ್ದೇ ಸರಿ."

ನನ್ನ ವಾಕ್ಯ ಅದು. ನನ್ನ ಬಾಯಿಯಿಂದ ಬರಬೇಕಾಗಿದ್ದ ವಾಕ್ಯ. ಅದನ್ನೂ ಅವನೇ ಹೇಳಿಬಿಟ್ಟ. ನಾನು ಅರ್ಧ ಎದ್ದವಳು ಹಾಗೆಯೇ ಕೂತೆ. ನನ್ನ ಗೆಲುವನ್ನು ಘೋಷಿಸುವ ಕೆಲಸವೂ ಅವನ ಪಾಲಾಯಿತಲ್ಲ ಎಂದು ಮೈ ಉರಿದುಹೋಯಿತು. ನೀರು, ಬಿರುಕು, ಶಬ್ದ ಎಲ್ಲವನ್ನೂ ಅವನು ಊರಿನವರಿಗೆ ತಿಳಿಯುವಂತೆ ಬಿಡಿಸಿ ಹೇಳಿದ. ನಾನು ಹೇಳಿದ್ದರೆ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ, ಅದೂ ಗೊತ್ತಾಯಿತು. ಮುದ್ದಣ್ಣನವರು ಹತ್ತಿರ ಬಂದರು. ನಾವು ತೊಳೆದು ಹಾಳು ಮಾಡಿದೆವಾ ಸರ್ ಎಂದು ಕೇಳಿದರು. ನಿಮ್ಮದೆಂತದ್ದೂ ಇಲ್ಲ, ಗೋಡೆಗೆ ನೀರು ಬಿದ್ದಿದೆಯಾ ಎಂದು ನಾನು ಕೇಳಬೇಕಿತ್ತು ಎಂದು ಅವನು ಅವರ ಭುಜ ಹಿಡಿದುಕೊಂಡ. ತೊಳೆಯುವಂತೆ ಬೈದವಳು ಯಾರು ಎಂಬ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ಇಂಜಿನಿಯರ್ ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಪರಮೇಶ್ವರಿ ಟೀಚರ್ ಮೇಜಿಗೆ ತಲೆಯಿಟ್ಟು ಅಳತೊಡಗಿದರು. ಆಗಲೇ ಗ್ಲ್ಯಾಡ್‌ಸನ್ ಕೇಳಿದ್ದು, ಕಟ್ಟಡ ಬೇಡ, ಬೇರೆ ಎಲ್ಲಾದರೂ ಮಕ್ಕಳನ್ನು ಕೂರಿಸಿದರೆ ಶಾಲೆ ಉಳಿಯುತ್ತದಾ ಎಂದು. ತಾತ್ಕಾಲಿಕವಾಗಿ ಮಾಡಬಹುದು, ಉಪಜಿಲ್ಲಾ ಕಚೇರಿಯ ಅನುಮತಿ ಬೇಕು, ಆ ಬೇರೆ ಕಟ್ಟಡ ಒಪ್ಪಿಗೆಯಾಗಬೇಕು ಎಂದು ಇಂಜಿನಿಯರ್ ಮಲಯಾಳದಲ್ಲಿ ಹೇಳಿದರು. ಹತ್ತಿರದಲ್ಲಿ ಇಗರ್ಜಿಯ ಹಾಲ್ ಒಂದಿತ್ತು. ಸಭೆ ಮುಗಿಯುವ ಮೊದಲೇ ಗ್ಲ್ಯಾಡ್‌ಸನ್ ಮುದ್ದಣ್ಣನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಫಾದರ್ ಬಳಿ ಹೋದ. ಮಕ್ಕಳು ಇಲ್ಲಿ ಕೂರಬಾರದು ಎಂದು ಖಡಾಖಂಡಿತ ಹೇಳಿದ ನನಗೆ, ಹಾಗಾದರೆ ಎಲ್ಲಿ ಕೂರಬೇಕು ಎಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು, ಅವನ ಮೇಲೆಯೇ.

ಜೂನಿನಲ್ಲಿ ಪ್ರವೇಶೋತ್ಸವ ಇಗರ್ಜಿಯ ಹಾಲಿನಲ್ಲೇ ನಡೆಯಿತು. ಬೆಂಚುಗಳನ್ನು ಹೊತ್ತವರಲ್ಲಿ ಗ್ಲ್ಯಾಡ್‌ಸನ್ ಕೂಡ ಇದ್ದನೆಂದು ಅಮ್ಮ ಹೇಳಿದರು. ಜುಲೈಯ ಒಂದು ಮಧ್ಯಾಹ್ನ, ಶಾಲೆ ನಡೆಯುವ ಹೊತ್ತಿನಲ್ಲಿಯೇ, ಹಳೆಯ ಕಟ್ಟಡದ ಉದ್ದನೆಯ ಗೋಡೆ ಮಾಡಿನ ಸಮೇತ ಒಳಗೆ ಕುಸಿಯಿತು. ಸುದ್ದಿ ಕೇಳಿ ನಾನು ಕ್ಲಾಸು ಬಿಟ್ಟು ಹೋದೆ. ಮಳೆಯಲ್ಲಿ ಕೊಡೆ ಹಿಡಿದು ನಿಂತು ಒಡೆದ ಕಲ್ಲುಗಳನ್ನು ನೋಡಿದೆ. ನನ್ನ ಲೆಕ್ಕ ಸರಿ. ಇದೇ ಮೊದಲು ಬಂದದ್ದು ಮನಸ್ಸಿಗೆ, ಸುಳ್ಳು ಯಾಕೆ ಹೇಳಲಿ? ಆಮೇಲೆ ಕಲ್ಲಿನ ರಾಶಿಯ ನಡುವೆ ಗೋಡೆಗೆ ಅಂಟಿಸಿದ್ದ ಬಣ್ಣದ ಅಕ್ಷರಮಾಲೆಯ ತುಂಡೊಂದು ಕಂಡಿತು. ಆ ಗೋಡೆಯ ಬುಡದಲ್ಲಿ ಒಂದನೇ ತರಗತಿಯವರು ಕೂರುತ್ತಿದ್ದರು. ಅಲ್ಲೇ ಕಟ್ಟೆಯ ಮೇಲೆ ಕುಳಿತುಕೊಂಡೆ. ಇಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದಿದ್ದರಲ್ಲ ಎಂದು ನೆನಪಾದರೆ ಈಗಲೂ ಬೆವರುತ್ತೇನೆ.

ಊರಿನವರು ಆಗಸ್ಟ್ ಹದಿನೈದಕ್ಕೆ ಸನ್ಮಾನ ಇಟ್ಟುಕೊಂಡರು. ಆಮಂತ್ರಣದಲ್ಲಿ, ಮಕ್ಕಳ ಜೀವ ಉಳಿಸಿದ ಗ್ಲ್ಯಾಡ್‌ಸನ್ ಸರ್ ಅವರಿಗೆ ಎಂದು ದಪ್ಪ ಅಕ್ಷರದಲ್ಲಿತ್ತು. ಅಭಿನಂದನೆಯ ಮಾತು ಎಂಬುದರ ಮುಂದೆ ನನ್ನ ಹೆಸರು. ಮುದ್ದಣ್ಣನವರು ಫೋನು ಮಾಡಿ, ನಿಮ್ಮಷ್ಟು ಅವರನ್ನು ಬಲ್ಲವರು ಬೇರೆ ಯಾರಿದ್ದಾರೆ ಮೇಡಂ ಎಂದರು. ಅದು ನಿಜವಾಗಿತ್ತು. ಲೆಕ್ಕ ನನ್ನದು ಎಂದು ಊರಿಗೆ ನೆನಪಿಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವರಿಗೆ ನೆನಪಿತ್ತು. ಅವರ ನೆನಪಿನಲ್ಲಿ ನಾನು ಶಾಲೆ ಮುಚ್ಚಿ ಎಂದವಳು, ಅವನು ಉಳಿಸಿದವನು. ಇದರಲ್ಲಿ ಸುಳ್ಳು ಎಲ್ಲಿದೆ?

ಇಗರ್ಜಿಯ ಹಾಲು ತುಂಬಿತ್ತು. ನಾನು ಮೈಕಿನ ಮುಂದೆ ನಿಂತು, ಗ್ಲ್ಯಾಡ್‌ಸನ್ ಬುದ್ಧಿವಂತ ಎಂದೆ, ಶ್ರಮಜೀವಿ ಎಂದೆ. ತನ್ನ ಲೆಕ್ಕ ತಪ್ಪೆಂದು ನೂರು ಜನರ ಮುಂದೆ ಎದ್ದು ಹೇಳಿದವನು ಎಂದೆ. ಅದುವರೆಗೆ ಅವನ ಸಮೀಕರಣಕ್ಕೆ, ಗೋಳಿಬಜೆಗೆ, ಬಸ್ಸಿಗೆ ಹೊಟ್ಟೆ ಉರಿದುಕೊಂಡಿದ್ದೆ. ಆವತ್ತು ಉರಿದದ್ದು ಬೇರೆ. ಆ ಜಾಗದಲ್ಲಿ ನಾನಿದ್ದು, ಒದ್ದೆ ಗೋಡೆ ಅಳೆದವಳು ನಾನಾಗಿದ್ದರೆ, ಪೆನ್ನು ಕಾಗದ ಮುಟ್ಟುವ ಮೊದಲು ಎದ್ದು ನಿಲ್ಲುತ್ತಿದ್ದೆನೇ? ನಿಲ್ಲುತ್ತಿದ್ದೆ ಎಂದೇ ಅಂದುಕೊಳ್ಳುತ್ತೇನೆ. ಆದರೆ ಕುರ್ಚಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿರುತ್ತಿದ್ದೆ. ಅವನು ಕೂರಲಿಲ್ಲ.

ಶಾಲು ಹೊದೆಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಗ್ಲ್ಯಾಡ್‌ಸನ್ ಮೈಕು ತೆಗೆದುಕೊಂಡ. ಇದು ತನಗೆ ಸಲ್ಲತಕ್ಕದ್ದಲ್ಲ, ಗೋಡೆ ಬೀಳುತ್ತದೆಂದು ಮೊದಲು ಹೇಳಿದ್ದು ನಮಿತಕ್ಕ, ತಾನು ತಪ್ಪು ಹೇಳಿದವನು ಎಂದ. ಆಮೇಲೆ ಹೆಗಲಿನಿಂದ ಶಾಲು ತೆಗೆದು, ನೀಟಾಗಿ ಮಡಚಿ, ಪರಮೇಶ್ವರಿ ಟೀಚರ ಕೈಗೆ ಕೊಟ್ಟು, ನೀವೇ ಹೊದೆಸಿ ಟೀಚರ್ ಎಂದ. ಟೀಚರ್ ಬಂದು ನನಗೆ ಹೊದೆಸಿದರು. ಶಾಲಿನಲ್ಲಿ ಅವನ ಹಾರದ ಮಲ್ಲಿಗೆಯ ಎಸಳುಗಳು ಇನ್ನೂ ಅಂಟಿಕೊಂಡಿದ್ದವು.

ಹಾಲಿಗೆ ಹಾಲೇ ಎದ್ದು ನಿಂತಿತು. ಅಂಥ ಚಪ್ಪಾಳೆಯನ್ನು ನಮ್ಮ ಊರಿನಲ್ಲಿ ನಾನು ಕೇಳಿರಲಿಲ್ಲ. ಎಲ್ಲರ ಕಣ್ಣೂ ಅವನ ಮೇಲಿತ್ತು. ಎಂಥ ದೊಡ್ಡ ಮನಸ್ಸು ಎಂದು ಮುಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ನನಗೆ ಕೇಳಿಸಿತು. ವೇದಿಕೆಯ ಮೇಲಿದ್ದವರು ಚಪ್ಪಾಳೆ ತಟ್ಟದೆ ನಿಂತರೆ ಕೆಳಗಿನವರಿಗೆ ಎದ್ದು ಕಾಣುತ್ತದೆ. ಶಾಲು ಜಾರದಂತೆ ಮೊಣಕೈಯಿಂದ ಒತ್ತಿ ಹಿಡಿದುಕೊಂಡು ನಾನೂ ತಟ್ಟಿದೆ.